ಏನ್ ಬೇಕಿತ್ತು ಎಂದು ಕೇಳುವ ಯಂತ್ರ

ಗುಂಡಿ ಅಂಗಡಿಯಲ್ಲಿ ಕೂತವರಿಗೆ ಬಂದವರ ಅಂಗಿ ಮೊದಲು ಕಾಣುತ್ತದೆ, ಮುಖ ಆಮೇಲೆ. ಕಾಲರಿನ ಗುಂಡಿ ಹೋದವನು ಕತ್ತು ಮುಚ್ಚಿಕೊಂಡು ಬರುತ್ತಾನೆ. ತೋಳಿನದು ಹೋದವನು ತೋಳು ಮಡಚಿಕೊಂಡು ಬರುತ್ತಾನೆ. ಹೊಟ್ಟೆಯ ಮೇಲಿನದು ಕಿತ್ತುಹೋದವನು ಮಾತ್ರ, ಅಂಗಿ ಬಿಗಿಯಾಗಿ ಹೊಲಿದನೆಂದು ದರ್ಜಿಯನ್ನು ಬೈಯುತ್ತ ಬರುತ್ತಾನೆ. ಬೀದಿಯ ತಿರುವಿನಲ್ಲಿರುವ ಆ ಪುಟ್ಟ ಅಂಗಡಿಯ ಒಡತಿ ಇವರೆಲ್ಲರನ್ನೂ ಒಂದೇ ಮಾತಿನಲ್ಲಿ ಒಳಗೆ ಕರೆಯುತ್ತಾಳೆ: "ಬನ್ನಿ, ಏನ್ ಬೇಕಿತ್ತು?"

ಬೀದಿಯವರಿಗೆಲ್ಲ ಆಕೆ ಗುಂಡಿ ಅಕ್ಕ. ಆ ಮಾತು ಅಕ್ಕನದಲ್ಲ, ಅವಳ ಅಮ್ಮನದು. ಅಂಗಡಿಯೂ ಅಮ್ಮನದೇ. ಗೋಡೆ ತುಂಬ ಅಂಗೈಯಗಲದ ಡ್ರಾಯರುಗಳು. ಪ್ರತಿ ಡ್ರಾಯರಿನ ಮುಖಕ್ಕೆ ಒಳಗಿರುವ ಗುಂಡಿಗಳಲ್ಲೇ ಒಂದನ್ನು ದಾರದಿಂದ ಕಟ್ಟಿದೆ. ಓದು ಬಾರದವರೂ ಬೆರಳು ತೋರಿಸಿ ಕೇಳಬಹುದು. ಅಮ್ಮ ಕಟ್ಟಿದ ದಾರ ಕೆಲವು ಕಡೆ ಇನ್ನೂ ಹಾಗೆಯೇ ಇದೆ. ಅದನ್ನು ಬದಲಿಸಲು ಅಕ್ಕನಿಗೆ ಕೈ ಬಂದಿಲ್ಲ.

ಅಕ್ಕ ಹುಟ್ಟಾ ಅಂಗಡಿಯವಳೇನಲ್ಲ. ಹರೆಯದಲ್ಲಿ ಅವಳು ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಆಗ ಕಂಪ್ಯೂಟರ್ ಎಂದರೆ ಹೊಟ್ಟೆ ಉಬ್ಬಿದ ಪರದೆ, ಗುರ್ರೆನ್ನುವ ಪೆಟ್ಟಿಗೆ, ಬಾಯಿಗೆ ತುರುಕುವ ಚೌಕದ ಫ್ಲಾಪಿ ಡಿಸ್ಕು. ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಒಂದಷ್ಟು ಜನ ಸೇರಿ ನಮ್ಮ ಭಾಷೆಯಲ್ಲೇ ಒಂದು ಆಪರೇಟಿಂಗ್ ಸಿಸ್ಟಮ್ ಮಾಡಲು ಹೊರಟಿದ್ದರು. ಆಪರೇಟಿಂಗ್ ಸಿಸ್ಟಮ್ ಎಂದರೆ ಮನೆಯ ಹಿರಿಸೊಸೆ ಇದ್ದ ಹಾಗೆ. ಯಂತ್ರ ಕಣ್ಣು ಬಿಟ್ಟಾಗ ಎಲ್ಲರಿಗಿಂತ ಮೊದಲು ಏಳುವವಳು ಅವಳು. ಯಾವುದು ಎಲ್ಲಿದೆ, ಯಾರಿಗೆ ಏನು ಬೇಕು, ಎಲ್ಲ ಅವಳಿಗೇ ಗೊತ್ತು. ಅವಳು ಮುನಿಸಿಕೊಂಡು ಮಲಗಿದರೆ ಆ ದಿನ ಮನೆಯಲ್ಲಿ ಒಲೆಯೇ ಹತ್ತುವುದಿಲ್ಲ.

ಅಕ್ಕನಿಗೆ ಬೆರಳಚ್ಚು ಬರುತ್ತಿತ್ತು. ಯಂತ್ರ ಪರದೆಯ ಮೇಲೆ ಹೇಳಬೇಕಾದ ಮಾತುಗಳನ್ನು ಇಂಜಿನಿಯರುಗಳು ಬರೆದು ಕೊಡುತ್ತಿದ್ದರು, ಅವಳು ಅಚ್ಚುಹಾಕುತ್ತಿದ್ದಳು. ಒಂದು ಸಂಜೆ ಅಂಗಡಿಯಲ್ಲಿ ಕೂತು, ಬೇಸರ ಕಳೆಯಲೆಂದು ಅದರಲ್ಲೊಂದನ್ನು ಅಮ್ಮನಿಗೆ ಓದಿ ಹೇಳಿದಳು.

"ತಾವು ಕೋರಿರುವ ಕಡತವು ಲಭ್ಯವಿರುವುದಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ."

ಅಮ್ಮ ರಿಬ್ಬನ್ ಸುತ್ತುತ್ತಿದ್ದ ಕೈ ನಿಲ್ಲಿಸಿದಳು. "ಯಾರು ಹೋದ್ರೇ?"

"ಯಾರೂ ಹೋಗಿಲ್ಲಮ್ಮ. ಕೇಳಿದ್ದು ಸಿಗಲಿಲ್ಲ ಅಂತ ಕಂಪ್ಯೂಟರ್ ಹೇಳೋದು."

"ಅದಕ್ಕಿಷ್ಟು ಗೋಳಾ? ನಾನಾದ್ರೆ, 'ಅದು ಇಲ್ಲ. ಇದ್ದಿದ್ರೆ ಕೊಡ್ದೆ ಇರ್ತಿದ್ನಾ? ಹೆಸರು ಸರಿಯಾಗಿ ಹೇಳಿ ನೋಡೋಣ' ಅಂತೀನಪ್ಪ."

ಮಾರನೆಯ ದಿನ ಅಕ್ಕ ನಗೆಯಾಡುತ್ತ ಇದನ್ನು ಆಫೀಸಿನಲ್ಲಿ ಹೇಳಿದಳು. ಕಂಪನಿಯ ಯಜಮಾನರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಮಿಕ್ಕಿದ್ದನ್ನೂ ನಿಮ್ಮ ಅಮ್ಮನ್ನೇ ಕೇಳ್ಕೊಂಡು ಬಾ" ಎಂದುಬಿಟ್ಟರು.

ಅಂದಿನಿಂದ ಸಂಜೆಯಾದರೆ ಅಂಗಡಿಯಲ್ಲಿ ಇದೇ ಆಟ. ಅಕ್ಕ ಕೇಳುವುದು, ಅಮ್ಮ ಗಿರಾಕಿಗಳ ನಡುವೆಯೇ ಉತ್ತರ ಕೊಡುವುದು. ಡಿಸ್ಕು ತುಂಬಿಹೋದರೆ? "ಡ್ರಾಯರ್ ತುಂಬಿದೆ. ಒಂದು ತೆಗೆದ್ರೆ ಒಂದು ಇಡಬಹುದು." ಇರುವುದನ್ನು ಅಳಿಸಿಹಾಕು ಎಂದರೆ? "ಕತ್ತರಿಸಿದ ಮೇಲೆ ವಾಪಸ್ ತಗೊಳ್ಳಲ್ಲ. ಕತ್ತರಿಸ್ಲಾ?" ಸ್ವಲ್ಪ ಕಾಯಬೇಕಾದರೆ? "ಇರಿ, ತಂದೆ, ಅಟ್ಟದ ಮೇಲಿದೆ." ಬಂದವರು ಏನೇನೋ ಒತ್ತಿ ಗಡಿಬಿಡಿ ಮಾಡಿದರೆ? ಅದಕ್ಕೂ ಅಮ್ಮನ ಹತ್ತಿರ ಮಾತಿತ್ತು. ಕೊನೆಗೆ, ಯಂತ್ರ ಸುಮ್ಮನೆ ಅಪ್ಪಣೆಗೆ ಕಾದು ನಿಂತಾಗ ಏನು ಹೇಳಬೇಕು ಎಂದು ಕೇಳಿದರೆ ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗಿರಾಕಿ ಬಂದು ನಿಂತವ್ರೆ. ಏನ್ ಬೇಕಿತ್ತು ಅನ್ನಬೇಕು. ಇನ್ನೇನು, ಮುಖ ನೋಡ್ತಾ ಕೂರ್ತಾರಾ?"

ಹೀಗೆ ಆ ಆಪರೇಟಿಂಗ್ ಸಿಸ್ಟಮ್ಮು ಪರೀಕ್ಷೆಯ ಹಂತಕ್ಕೆ ಬರುವ ಹೊತ್ತಿಗೆ ತಲೆಯಿಂದ ಕಾಲಿನವರೆಗೆ ಗುಂಡಿ ಅಂಗಡಿಯಾಗಿತ್ತು.

ಪರೀಕ್ಷೆಯ ಪ್ರತಿಗಳಿಗೆ ಆಯಸ್ಸು ಕಟ್ಟುವುದು ಆ ಕಸುಬಿನ ಪದ್ಧತಿ. ಅರ್ಧ ಬೆಂದ ಸರಕು ಹೊರಗೆ ಹೋಗಿ ಓಡಾಡಬಾರದಲ್ಲ, ಅದಕ್ಕೆ ಇಂಥ ದಿನ ಕಳೆದರೆ ತಾನಾಗಿ ನಿಂತುಹೋಗುವಂತೆ ಮಾಡಿರುತ್ತಾರೆ. ನಿಲ್ಲುವಾಗ ಅದು ಏನು ಹೇಳಬೇಕು? ಅಮ್ಮ ಹೇಳಿಕೊಟ್ಟಿದ್ದಳು: "ಇವತ್ತು ಅಂಗಡಿ ಮುಚ್ಚಿದೆ. ನಾಳೆ ಬನ್ನಿ." ಪರೀಕ್ಷೆಯ ಕೋಣೆಯವರು ಇದಕ್ಕೆಲ್ಲ ಬಗ್ಗುವವರಲ್ಲ. ಅಂಗಡಿ ಮುಚ್ಚಿತೋ, ಯಂತ್ರದ ಒಳಗಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ತೆರೆಸುತ್ತಿದ್ದರು. ಆ ಕೋಣೆಯಲ್ಲಿ ತಿಂಗಳು ಮುಗಿಯುತ್ತಲೇ ಇರಲಿಲ್ಲ. "ನಿಮ್ಮಲ್ಲಿ ಯಾರಿಗೂ ವಯಸ್ಸಾಗಲ್ಲ ಬಿಡಿ" ಎಂದು ಬಾಗಿಲ ಕಾವಲುಗಾರ ಹೊಟ್ಟೆಕಿಚ್ಚು ಪಡುತ್ತಿದ್ದನಂತೆ.

ಆದರೆ ಆ ಅಂಗಡಿ ಊರಿಗೆ ತೆರೆಯಲೇ ಇಲ್ಲ. ಕಂಪನಿಯನ್ನು ದೊಡ್ಡವರೊಬ್ಬರು ಕೊಂಡರು. ಬಂದವರು ಪರದೆ ನೋಡಿದರು, "ಕಂಪ್ಯೂಟರ್ ಅನ್ನೋದು ಅಂಗಡಿಯಮ್ಮನ ಹಾಗೆ ಮಾತಾಡೋದಾ?" ಎಂದರು, ಅಲ್ಲಿಗೆ ಮುಗಿಯಿತು. ಪರೀಕ್ಷೆಯ ಡಿಸ್ಕುಗಳನ್ನೆಲ್ಲ ವಾಪಸು ತರಿಸಿ ಅಳಿಸಿದೆವೆಂದರು. ಅಕ್ಕ ಮನೆಗೆ ಬಂದು ಅಮ್ಮನ ಎದುರು ಕೂತು ಎಲ್ಲ ಹೇಳಿದಳು. ಅಮ್ಮ ಮಾತ್ರ ತಲೆಯೆತ್ತದೆ ಗುಂಡಿ ಆರಿಸುತ್ತಲೇ ಇದ್ದಳು. "ಇರ್ಲಿ ಬಿಡೇ. ಗುಂಡಿ ಏನು ಕೊಳೆಯೋ ಮಾಲಾ? ಯಾರಾದ್ರೂ ಕೇಳ್ಕೊಂಡು ಬರ್ತಾರೆ."

ಯಾರೂ ಕೇಳಿಕೊಂಡು ಬರಲಿಲ್ಲ. ಅಮ್ಮ ಹೋದಳು. ಅಂಗಡಿ ಅಕ್ಕನಿಗೆ ಬಂತು.

ಅಮ್ಮನದೆಂದು ಉಳಿದದ್ದು ಒಂದು ಫೋಟೋ. ಅದರಲ್ಲೂ ಬಾಯಿ ಬಿಗಿದುಕೊಂಡು ನಿಂತಿದ್ದಾಳೆ. ಜೀವಮಾನವಿಡೀ ಮಾತಾಡಿದವಳ ಒಂದು ಮಾತನ್ನೂ ಯಾರೂ ಹಿಡಿದಿಟ್ಟಿರಲಿಲ್ಲ. ಎದುರು ಸಾಲಿನಲ್ಲಿ ದರ್ಜಿ ಅಂಗಡಿ ಇಟ್ಟಿರುವ ತಮ್ಮನೂ ಅಕ್ಕನೂ ದಾರ ಕೊಟ್ಟು ತೆಗೆದುಕೊಳ್ಳುವಾಗ ಅಮ್ಮನ ಮಾತುಗಳನ್ನು ಎತ್ತುತ್ತಿದ್ದರು, ಎತ್ತಿದ್ದೆಲ್ಲ ಜಗಳದಲ್ಲಿ ಮುಗಿಯುತ್ತಿತ್ತು.

"ನೀನು ಅವಸರ ಮಾಡಿದಾಗ ಅಮ್ಮ ಏನನ್ನೋಳು ನೆನಪಿದೆಯಾ? 'ನಿಧಾನ, ನಿಧಾನ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ' ಅನ್ನೋಳು."

"ಅಮ್ಮ ಹಂಗನ್ನಲ್ಲಕ್ಕ. 'ಯಾಕೆ, ನಾಯಿ ಅಟ್ಟಿಸ್ಕೊಂಡು ಬಂತಾ?' ಅನ್ನೋಳು. ಬೈಸ್ಕೊಂಡೋನು ನಾನು, ನನಗೆ ಗೊತ್ತಿಲ್ವಾ?"

"ನಾಯಿಗೀಯಿ ಎಲ್ಲ ನೀನು ಸೇರಿಸಿದ್ದು."

"ಹೂಂ, ನೀನು ದೊಡ್ಡೋಳು. ನೀನು ಹೇಳಿದ್ದೇ ಸರಿ!"

ತಮ್ಮ ದಾರದ ಉಂಡೆ ಎತ್ತಿಕೊಂಡು ದುಮುದುಮು ಹೋಗುತ್ತಿದ್ದ. ಅಕ್ಕನಿಗೆ ಆಮೇಲೆ ಭಯವಾಗುತ್ತಿತ್ತು. ತಾನು ನೆನೆಯುತ್ತಿರುವುದು ಅಮ್ಮನ ಮಾತೋ, ತನ್ನದೇ ಮಾತೋ? ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ, ಮೂಲದಲ್ಲಿ ಹೇಗಿತ್ತೆಂದು ಹೇಳುವವರು ಯಾರು?

ಅಂಗಡಿಯ ಮೇಲಿನ ಕೋಣೆಗೆ ಒಬ್ಬ ಹೊಸ ಬಾಡಿಗೆಯವನು ಬಂದ. ಯಂತ್ರ ರಿಪೇರಿಯವನು. ಮೆಟ್ಟಿಲು ಹತ್ತುವಾಗೆಲ್ಲ ಕಂಕುಳಲ್ಲೊಂದು ಪೆಟ್ಟಿಗೆ ಇರುತ್ತಿದ್ದುದರಿಂದ ಬೀದಿ ಅವನಿಗೆ ಪೆಟ್ಟಿಗೆಪ್ಪ ಎಂದು ಹೆಸರಿಟ್ಟಿತು. ರಿಪೇರಿ ಅವನ ಹೊಟ್ಟೆಪಾಡು. ಅವನ ಹುಚ್ಚು ಬೇರೆಯೇ ಇತ್ತು. ಹಳೆಯ ಆಪರೇಟಿಂಗ್ ಸಿಸ್ಟಮ್ಮುಗಳಲ್ಲಿ ಮಾರುಕಟ್ಟೆಗೆ ಬಂದವನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬಾರದೆ ಉಳಿದವು, ನಡುದಾರಿಯಲ್ಲಿ ಕೈಬಿಟ್ಟವು, ಬೇರೆ ಬಣ್ಣ ಬಳಿದು ಆಮೇಲೆ ಬೇಡವೆಂದವು, ಮೂಲೆಯಲ್ಲಿ ಯಾರೋ ಒಂದು ಆಟವನ್ನು ಬಚ್ಚಿಟ್ಟು ಮರೆತವು, ಇಂಥವೇ ಬೇಕು. ಇಂಥ ಹುಚ್ಚಿನವರು ದೇಶದೇಶಗಳಲ್ಲಿದ್ದಾರೆ, ತಮ್ಮತಮ್ಮಲ್ಲೇ ತೋರಿಸಿಕೊಂಡು ಹಂಚಿಕೊಂಡು ಸುಖವಾಗಿದ್ದಾರೆ. "ಮದುವೆ ಆಗಿದ್ದನ್ನ ಎಲ್ಲರೂ ನೋಡ್ತಾರಕ್ಕಾ, ಮುರಿದುಬಿದ್ದ ಸಂಬಂಧದ ಕಥೇನೇ ಚೆಂದ" ಎನ್ನುತ್ತಿದ್ದ. ಅಕ್ಕ ನಗುತ್ತ ಸೂಜಿ ಎಣಿಸಿ ಕೊಡುತ್ತಿದ್ದಳು. ತನಗೂ ಅಂಥದ್ದೊಂದು ಮುರಿದ ಸಂಬಂಧ ಉಂಟೆಂದು ಅವಳು ಹೇಳಲಿಲ್ಲ; ಸೂಜಿ ಕೊಳ್ಳಲು ಬಂದವನು ಕೇಳಲೂ ಇಲ್ಲ.

ಒಂದು ಮಧ್ಯಾಹ್ನ ಪೆಟ್ಟಿಗೆಪ್ಪ ಇಳಿದು ಬಂದು ಮೆತ್ತನೆಯ ಬಟ್ಟೆ ಕೇಳಿದ.

"ಎಂಥದಕ್ಕಪ್ಪಾ?"

"ಫ್ಲಾಪಿ ಒರೆಸೋಕೆ. ಗುಜರಿಯವನ ಹತ್ರ ಒಂದು ಡಬ್ಬ ಸಿಕ್ತು. ಮೇಲೆಲ್ಲ ಬೂಷ್ಟು. ಏನಾದ್ರೂ ಒಳ್ಳೇದು ಸಿಗುತ್ತೇನೋ ಅಂತ ಆಸೆಯಿಂದ ಹಾಕಿ ನೋಡಿದ್ರೆ ಬರೀ ವೈರಸ್ಸು. ಆ ಕಾಲದಲ್ಲಿ ಕಿಡಿಗೇಡಿಗಳು ಇಂಥವು ಬರೆದು ಬಿಡ್ತಿದ್ರಕ್ಕಾ. ಯಂತ್ರ ಶುರುವಾಗೋ ಜಾಗದಲ್ಲೇ ಕೂತು ತಮಾಷೆ ಮಾಡೋದು, ಮುಂದಕ್ಕೆ ಬಿಡದೇ ಇರೋದು."

ಅಕ್ಕ ಬಟ್ಟೆ ಅಳೆದು ಕತ್ತರಿ ಎತ್ತಿಕೊಂಡಳು. "ಏನು ತಮಾಷೆ ಮಾಡ್ತದೆ?"

"ನಗಬೇಡಿ. 'ಇವತ್ತು ಅಂಗಡಿ ಮುಚ್ಚಿದೆ, ನಾಳೆ ಬನ್ನಿ' ಅನ್ನುತ್ತೆ. ಅಷ್ಟೇ. ಆಮೇಲೆ ಕಲ್ಲಿನ ಹಾಗೆ ನಿಂತುಬಿಡುತ್ತೆ."

ಕತ್ತರಿ ಬಟ್ಟೆಯನ್ನು ಕಚ್ಚಿಕೊಂಡೇ ನಿಂತಿತು.

"ಅದು ಈಗ ಎಲ್ಲಿದೆ?"

"ಎಲ್ಲಿರುತ್ತೆ? ಖಾಲಿ ಡಿಸ್ಕು ಈಗ ಯಾರೂ ಮಾಡಲ್ಲವಲ್ಲ, ಅಳಿಸಿ ಬಳಸ್ಕೊಳ್ಳೋಣ ಅಂತ ಅಳಿಸೋಕೆ ಹಚ್ಚಿ ಬಂದೆ. ಇನ್ನೇನು ಮುಗಿದಿರುತ್ತೆ. ಯಾಕಕ್ಕಾ? ಅಕ್ಕಾ!"

ಅಕ್ಕ ಆಗಲೇ ಬೀದಿಯಲ್ಲಿದ್ದಳು. ಅಂಗಡಿಯ ಬಾಗಿಲೂ ಎಳೆಯಲಿಲ್ಲ. ಮಂಡಿನೋವೆಂದು ಅಟ್ಟಕ್ಕೂ ಹತ್ತದವಳು ಆ ಕಡಿದಾದ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಒಂದೇ ಉಸಿರಿಗೆ ಹತ್ತಿದಳು. ಮೇಲೆ ಕೋಣೆಯ ತುಂಬ ಯಂತ್ರಗಳು, ಬೆಸುಗೆಯ ಹೊಗೆಯ ವಾಸನೆ, ಕಿಟಕಿಯ ಪಕ್ಕದಲ್ಲಿ ಹೊಟ್ಟೆ ಉಬ್ಬಿದ ಹಳೆಯ ಪರದೆ. ಅದರ ಕೆಳಗಿನ ಪೆಟ್ಟಿಗೆ ಟರ್‌ ಟರ್‌ ಎಂದು ಅಗಿಯುತ್ತಿತ್ತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಡಿಸ್ಕನ್ನು ಹೊರಗಿನ ಸುತ್ತಿನಿಂದ ಒಳಕ್ಕೆ, ಸುತ್ತು ಸುತ್ತಾಗಿ ಬೋಳಿಸುವ ಸದ್ದು ಅದು. ಪೆಟ್ಟಿಗೆಪ್ಪ ಬಾಗಿಲಿಗೆ ಬರುವಷ್ಟರಲ್ಲಿ ಅಕ್ಕ ಗುಂಡಿ ಅದುಮಿ ಡಿಸ್ಕನ್ನು ಈಚೆಗೆ ಕಿತ್ತಾಗಿತ್ತು.

"ಅಯ್ಯಯ್ಯೋ, ಓಡ್ತಿರುವಾಗ ಹಾಗೆ ಕೀಳ್ತಾರಾ? ಓದೋ ತಲೆ ಹಾಳಾಗುತ್ತೆ!"

"ಯಾರ ತಲೆ? ಕೂತ್ಕೋ ನೀನು. ಇದು ವೈರಸ್ ಅಲ್ಲ."

"ಮತ್ತೇನು?"

"ನಮ್ಮಮ್ಮ."

ಪೆಟ್ಟಿಗೆಪ್ಪ ಒಮ್ಮೆ ಡಿಸ್ಕನ್ನೂ ಒಮ್ಮೆ ಅಕ್ಕನನ್ನೂ ನೋಡಿ, ಬಿಸಿಲಿನ ದೋಷವಿರಬೇಕೆಂದು ನೀರು ತಂದುಕೊಟ್ಟ. ಅಕ್ಕ ನೀರು ಕುಡಿದು, ಏದುಸಿರು ಇಳಿದ ಮೇಲೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಸಪ್ಪಗಾಯಿತು. ಊರೂರು ಅಲೆದು ಬಿಡುಗಡೆಯಾಗದ ಆವೃತ್ತಿಗಳನ್ನು ಹುಡುಕುವವನು, ಕೈಗೆ ತಾನಾಗಿ ಬಂದದ್ದನ್ನು ವೈರಸ್ಸೆಂದು ಬೋಳಿಸಲು ಹೊರಟಿದ್ದ. ಆಯಸ್ಸು ಮುಗಿದ ಪ್ರತಿಗಳನ್ನು ಅವನು ಬೇಕಾದಷ್ಟು ಕಂಡವನೇ. ಆದರೆ ಅವೆಲ್ಲ 'ಪರೀಕ್ಷಾ ಅವಧಿ ಮುಗಿದಿದೆ' ಎಂದು ಗಂಟುಮುಖ ಹಾಕುವಂಥವು. ಹೀಗೆ ಮನೆಯ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ.

"ಇದು ಎರಡನೇ ಡಿಸ್ಕು" ಎಂದ, ಬೂಷ್ಟಿನಡಿಯ ಗುರುತು ನೋಡಿ. "ಜೋಡಿಯಲ್ಲಿ ಇದನ್ನೇ ಮೊದಲು ಅಳಿಸೋಕೆ ಹಾಕಿದ್ದೆ. ಶುರುವಾಗೋ ಡಿಸ್ಕು ಇಲ್ಲೇ ಇದೆ, ಮುಟ್ಟಿಲ್ಲ. ಅದು ಮಾತಾಡುತ್ತೆ. ಇದರಲ್ಲಿ ಏನಿತ್ತಕ್ಕಾ?"

"ಪ್ರಿಂಟರಿನವು, ಕಲಿಸಿಕೊಡೋ ಪಾಠದವು, ಉದ್ದುದ್ದ ಮಾತುಗಳು." ಅಕ್ಕನ ದನಿ ಇಳಿಯಿತು. "ಹೋಯ್ತಾ ಎಲ್ಲ?"

"ಎಲ್ಲ ಹೋಗಿರಲ್ಲ. ನೀವು ಸಮಯಕ್ಕೆ ಕಿತ್ರಿ. ಮೊದಲು ಇದನ್ನ ನೋಡೋಣ."

ಮೊದಲನೆಯ ಡಿಸ್ಕನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಹಾಕಿದ. ಪೆಟ್ಟಿಗೆ ಗೊಣಗಿತು, ಪರದೆ ಬೆಳಗಿತು: ಇವತ್ತು ಅಂಗಡಿ ಮುಚ್ಚಿದೆ. ನಾಳೆ ಬನ್ನಿ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಗಡಿಯಾರ ಹಿಂದಕ್ಕೆ ಹಾಕು" ಎಂದಳು.

"ಇದೊಳ್ಳೆ ಕಥೆ. ನಾಳೆ ಬನ್ನಿ ಅಂದವರ ಹತ್ರ ನಿನ್ನೆಗೆ ಹೋಗಬೇಕಾ?"

"ನಿನ್ನೆಗಲ್ಲಪ್ಪಾ. ನಮ್ಮ ಪರೀಕ್ಷೆ ಕೋಣೆಯ ತಿಂಗಳಿಗೆ."

ಅವಳು ಹೇಳಿದ ಆ ಹಳೆಯ ವರ್ಷದ, ಆ ಮುಗಿಯದ ತಿಂಗಳಿಗೆ ಯಂತ್ರದ ಗಡಿಯಾರ ತಿರುಗಿಸಿ ಪೆಟ್ಟಿಗೆಪ್ಪ ಮತ್ತೆ ಚಾಲೂ ಮಾಡಿದ. ಈ ಸಲ ಗೊಣಗಾಟ ಹೆಚ್ಚು ಹೊತ್ತು ನಡೆಯಿತು. 'ಇರಿ, ತಂದೆ, ಅಟ್ಟದ ಮೇಲಿದೆ' ಎಂಬ ಸಾಲು ಬಂತು, ಹೋಯಿತು. ಆಮೇಲೆ ಕಪ್ಪು ಪರದೆಯ ಮೂಲೆಯಲ್ಲಿ, ಸ್ವಲ್ಪ ಓರೆಕೋರೆಯಾದ ನಮ್ಮ ಅಕ್ಷರಗಳಲ್ಲಿ, ಮಿಣುಕುವ ಗೆರೆಯೊಂದಿಗೆ:

ಏನ್ ಬೇಕಿತ್ತು?

ಅಕ್ಕ ಬೆರಳನ್ನು ಕೀಲಿಗಳ ಮೇಲೆ ತಂದಳು, ಹಿಂದಕ್ಕೆ ತೆಗೆದಳು. ಇಷ್ಟು ವರ್ಷ ಊರಿಗೆಲ್ಲ ಆ ಪ್ರಶ್ನೆ ಕೇಳಿದವಳಿಗೆ ಈಗ ಅದೇ ಪ್ರಶ್ನೆ ಎದುರಾಗಿತ್ತು.

ಎರಡನೆಯ ಡಿಸ್ಕಿನಿಂದ ಪೆಟ್ಟಿಗೆಪ್ಪ ಮುಂದಿನ ವಾರಗಳಲ್ಲಿ ಚೂರುಪಾರನ್ನು ಹೆಕ್ಕಿದ. ಅರ್ಧಕ್ಕೆ ಕಡಿದುಹೋದ ಮಾತುಗಳೇ ಹೆಚ್ಚು. 'ಆಚೆ ಕೂತಿರೋ ಪ್ರಿಂಟರಮ್ಮ ಇನ್ನೂ' ಎಂದು ಒಂದು ನಿಂತಿದ್ದರೆ, ಇನ್ನೊಂದು ತಲೆಯಿಲ್ಲದೆ 'ಅಂತ ಅಳ್ತಾರಾ? ಮತ್ತೆ ಹೊಲಿದ್ರಾಯ್ತು' ಎನ್ನುತ್ತಿತ್ತು. ಸಂಜೆ ಅಂಗಡಿಗೆ ಬೀಗ ಹಾಕಿ ಅಕ್ಕ ಮೇಲೆ ಹೋಗಿ ಕೂತು, ಮಾತಿನ ಬಾಲಕ್ಕೆ ತಲೆ ಹುಡುಕುತ್ತಿದ್ದಳು. ಕೆಲವು ನೆನಪಾದವು, ಕೆಲವು ಆಗಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಪೆಟ್ಟಿಗೆಪ್ಪ ಜಗ್ಗಲಿಲ್ಲ: ಅವಳು ಕೂಡಿಸಿದ್ದನ್ನು ಡಿಸ್ಕಿನಲ್ಲಿದ್ದದ್ದರೊಳಗೆ ಸೇರಿಸಲು ಒಪ್ಪಲಿಲ್ಲ. "ಇದ್ದದ್ದು ಇದ್ದ ಹಾಗೇ ಇರಬೇಕಕ್ಕಾ. ನಿಮ್ಮದು ಪಕ್ಕದಲ್ಲಿ ಬೇರೆ." ಅಕ್ಕನಿಗೆ ಅದು ಅರ್ಥವಾಯಿತು. ಹೋಲುವ ಗುಂಡಿಯನ್ನು ಅವಳೂ ಎಂದೂ ಹಳೆಯ ಮಾಲಿನ ಡ್ರಾಯರಿಗೆ ಹಾಕಿದವಳಲ್ಲ.

ಅವನು ಇದನ್ನು ದೇಶದೇಶದ ತನ್ನ ಹುಚ್ಚರ ಬಳಗಕ್ಕೆ ಕೊಡಬೇಕೆಂದಿದ್ದ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ಹಾಕಿ ನೋಡಬಹುದು. "ಬಿಡುಗಡೆ ಆದ ಹಾಗೇ ಅಲ್ವಾ?" ಎಂದ.

"ತಮ್ಮನ್ನ ಕೇಳದೆ ಆಗಲ್ಲಪ್ಪಾ. ಅಮ್ಮ ಇಬ್ಬರಿಗೂ ಸೇರಿದೋಳು."

ತಮ್ಮ ಬರಲು ಒಪ್ಪಲೇ ಇಲ್ಲ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಊರವರೆಲ್ಲ ಅಮ್ಮನ್ನ ನೋಡಿ ನಗೋದಕ್ಕಾ? ಆಗ ಆ ದೊಡ್ಡವರು ನಕ್ಕಿದ್ದು ಸಾಲ್ದಾ?" ಎಂದ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕ ಎದ್ದು ಬಂದಳು. ಅವನು ಬೇಡವೆಂದರೆ ಡಿಸ್ಕು ಡಬ್ಬದಲ್ಲೇ ಇರಲಿ ಎಂದು ಪೆಟ್ಟಿಗೆಪ್ಪನಿಗೂ ಹೇಳಿಬಿಟ್ಟಳು. ಆದರೆ ಮಳೆ ಹಿಡಿದು ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ತಮ್ಮ ತಾನಾಗಿ, ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ, ಮೆಟ್ಟಿಲು ಹತ್ತಿ ಬಂದ.

"ಎಲ್ಲಿ, ತೋರಿಸು ನಿನ್ನ ಕಂಪ್ಯೂಟರಮ್ಮನ್ನ."

ಅವನನ್ನು ಪರದೆಯ ಮುಂದೆ ಕೂರಿಸಿದರು. 'ಏನ್ ಬೇಕಿತ್ತು?' ನೋಡಿ ಮೂಗು ಮುರಿದ. "ಇದು ಎಲ್ಲ ಅಂಗಡಿಯವರೂ ಕೇಳೋದೇ." ಒಂದೇ ಬೆರಳಿನಿಂದ ಏನೋ ಕುಟ್ಟಿದ. ಕುಟ್ಟಿದ್ದು ತಪ್ಪಾಯಿತು. ಪರದೆ ಹೇಳಿತು:

ನಿಧಾನ, ನಿಧಾನ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ.

ಅಕ್ಕ ತಮ್ಮನ ಮುಖ ನೋಡಿದಳು. ಗೆದ್ದೆನೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮ ಮತ್ತೆ ಕುಟ್ಟಿದ. ಅದೇ ಮಾತು ಬಂತು. ಹಟಕ್ಕೆ ಬಿದ್ದವನ ಹಾಗೆ ಇನ್ನೊಮ್ಮೆ, ಅಂಗೈಯಿಂದಲೇ, ಸಿಕ್ಕಿದ್ದನ್ನೆಲ್ಲ ಅದುಮಿದ.

ಪೆಟ್ಟಿಗೆ ಗೊಣಗಿತು. ಆಮೇಲೆ:

ಯಾಕೆ, ನಾಯಿ ಅಟ್ಟಿಸ್ಕೊಂಡು ಬಂತಾ?

ಅಕ್ಕನಿಗೆ ಆಗ ನೆನಪಾಯಿತು. ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುವವರಿಗೆ ಬೇರೊಂದು ಮಾತು ಬೇಕೆಂದು ಇಂಜಿನಿಯರ್ ಕೇಳಿದ್ದ, ಅವಳು ಅಮ್ಮನನ್ನು ಕೇಳಿದ್ದಳು, ಬರೆದಿದ್ದಳು, ಮರೆತೇಬಿಟ್ಟಿದ್ದಳು. ಅಮ್ಮ ಎರಡನ್ನೂ ಅನ್ನುತ್ತಿದ್ದಳು. ಮೊದಲು ಮೆಲ್ಲಗೆ, ಕೇಳದಿದ್ದರೆ ನಾಯಿ. ಮೆಲ್ಲಗೆ ಹೇಳಿದ್ದು ಅಕ್ಕನಿಗೆ ಸಾಕಾಗುತ್ತಿತ್ತು. ತಮ್ಮ ಯಾವಾಗಲೂ ನಾಯಿಯವರೆಗೆ ಹೋಗುತ್ತಿದ್ದ.

"ನೋಡಿದ್ಯಾ? ನಾನು ಹೇಳ್ಲಿಲ್ವಾ!" ಎಂದ ತಮ್ಮ. ಟೇಪಿನ ತುದಿಯಿಂದ ಮೂಗೊರೆಸಿಕೊಂಡು ಮತ್ತೆ ಕೀಲಿಗಳ ಮೇಲೆ ಅಂಗೈ ಇಟ್ಟ, ಬೇಕೆಂದೇ.

"ಅಣ್ಣಾ, ಮೆಲ್ಲಗೆ. ಕೀಲಿಮಣೆ ಹಳೇದು" ಎಂದ ಪೆಟ್ಟಿಗೆಪ್ಪ.

"ಇರಪ್ಪಾ. ಇನ್ನೊಂದ್ಸಲ ಬೈಸ್ಕೊಂಡು ಹೋಗ್ತೀನಿ."

ಅವನು ಇನ್ನೊಂದು ಸಲ ಬೈಸಿಕೊಂಡ, ಮತ್ತೂ ಒಂದು ಸಲ. ಮಳೆ ನಿಂತಿತು. ಕೆಳಗೆ ಯಾರೋ ಛತ್ರಿ ಕೊಡವುತ್ತ, "ಅಂಗಡಿಯಲ್ಲಿ ಯಾರೂ ಇಲ್ವಾ?" ಎಂದು ಕೂಗಿದರು. ಅಕ್ಕ ಕಿಟಕಿಗೆ ಬಗ್ಗಿ "ಬಂದೆ" ಎಂದು, ಮೆಟ್ಟಿಲ ಬಳಿ ಹೋಗಿ ತಿರುಗಿ ನಿಂತಳು. ಪೆಟ್ಟಿಗೆಪ್ಪನ ಬಳಗಕ್ಕೆ ಕೊಡಲಾ ಎಂದು ಇನ್ನೂ ಕೇಳಿರಲಿಲ್ಲ. ತಮ್ಮ ಪರದೆಯಿಂದ ಕಣ್ಣು ಕೀಳದೆಯೇ ಕೈ ಬೀಸಿದ.

"ಕೊಡು, ಕೊಡು. ಅವ್ರೂ ಬೈಸ್ಕೊಳ್ಳಲಿ."